ಸಣ್ಣ ಟ್ರ್ಯಾಕ್ಟರ್, ಒಂದು ಟನ್ ಬೆಲ್ಲ: ಟ್ರೇಲರ್‌ಗೆ ಕರೆಂಟ್ ಬ್ರೇಕ್ ಕೂರಿಸಿದ ಕಥೆ

ನಮ್ಮದು ಪಾಂಡವಪುರ ತಾಲ್ಲೂಕು. ಮನೆ ಹಿಂದೆ ಆಲೆಮನೆ, ಅದರಾಚೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ. ಆಲೆಮನೆಯಿಂದ ಟಾರು ರಸ್ತೆಗೆ ಬರಬೇಕಾದರೆ ನಾಲೆ ಏರಿ ಹತ್ತಿ, ಸೇತುವೆ ದಾಟಿ, ಆ ಕಡೆ ಇಳಿಯಬೇಕು. ಇಳಿಜಾರು ಉದ್ದ ಏನಿಲ್ಲ, ಐವತ್ತು ಅಡಿ ಇರಬಹುದು. ಆದರೆ ಕೆಳಗೆ ಬಂದ ತಕ್ಷಣ ಬಲಕ್ಕೆ ತಿರುವು, ಎಡಕ್ಕೆ ಕಾಲುವೆ.

ಹೋದ ಮಳೆಗಾಲದಲ್ಲಿ ಒಂದು ದಿನ ಅಪ್ಪ 10 ಕ್ವಿಂಟಲ್ ಬೆಲ್ಲ ಹೇರಿಕೊಂಡು ಅಲ್ಲಿ ಇಳಿಯುತ್ತಿದ್ದರು. ತಿರುವಿನಲ್ಲಿ ಬ್ರೇಕ್ ಒತ್ತಿದರು. ಟ್ರ್ಯಾಕ್ಟರಿನ ಹಿಂದಿನ ಚಕ್ರ ಎರಡೂ ನಿಂತವು, ಟ್ರ್ಯಾಕ್ಟರ್ ನಿಲ್ಲಲಿಲ್ಲ. ಹಿಂದಿನಿಂದ ಟ್ರೇಲರ್ ತಳ್ಳಿತು. ಟ್ರ್ಯಾಕ್ಟರ್ ಅಡ್ಡ ತಿರುಗಿ ಕಾಲುವೆ ಅಂಚಿಗೆ ಎರಡು ಅಡಿ ಬಿಟ್ಟು ನಿಂತಿತು. ಅಪ್ಪನಿಗೆ ಏನೂ ಆಗಲಿಲ್ಲ. ಮನೆಗೆ ಬಂದವರು ನೀರು ಕುಡಿದು ಸುಮ್ಮನೆ ಕೂತರು, ರಾತ್ರಿ ಊಟ ಮಾಡಲಿಲ್ಲ. ನಮ್ಮ ಕಡೆ ನಾಲೆ ಅಂದರೆ ಯಾರೂ ಹಗುರವಾಗಿ ಮಾತಾಡುವುದಿಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರು.

ತಪ್ಪು ಅಪ್ಪನದಲ್ಲ. ಲೆಕ್ಕವೇ ಹಾಗಿದೆ. ನಮ್ಮದು ಸಣ್ಣ ಟ್ರ್ಯಾಕ್ಟರ್, ಆಳು ಕೂತರೂ ತೂಕ 900 ಕೆಜಿ ಹತ್ತಿರ. ಹಿಂದಿರುವುದು 350 ಕೆಜಿ ಟ್ರೇಲರ್, ಅದರ ಮೇಲೆ ಸಾವಿರ ಕೆಜಿ ಬೆಲ್ಲ. ಬ್ರೇಕ್ ಇರುವುದು ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಹಗುರವಾದದ್ದು ಭಾರವಾದದ್ದನ್ನು ಎಳೆಯಬಲ್ಲದು. ಇಳಿಜಾರಿನಲ್ಲಿ, ಅದೂ ಒದ್ದೆ ಮಣ್ಣಿನ ಮೇಲೆ, ಅದನ್ನು ಹಿಡಿದು ನಿಲ್ಲಿಸಲಾರದು. ಟ್ರೇಲರ್ ತನ್ನ ಭಾರವನ್ನು ತಾನೇ ನಿಲ್ಲಿಸಿಕೊಳ್ಳಬೇಕು. ಬೇರೆ ದಾರಿ ನನಗೆ ಕಾಣಲಿಲ್ಲ.

ನಾನು ಏಳು ವರ್ಷ ಶಾರ್ಜಾದಲ್ಲಿ ಟ್ರೇಲರ್ ವರ್ಕ್‌ಶಾಪಿನಲ್ಲಿದ್ದೆ. ದೋಣಿ ಸಾಗಿಸುವ ಟ್ರೇಲರ್, ಕ್ಯಾರವಾನ್, ಇವುಗಳ ಆಕ್ಸಲ್ ಮತ್ತು ವೈರಿಂಗ್ ನನ್ನ ಕೆಲಸ. ಊರಿಗೆ ವಾಪಸ್ ಬರುವಾಗ ಗುಜರಿಗೆ ಹೋಗಬೇಕಿದ್ದ ಒಂದು ಆಕ್ಸಲನ್ನು ಮಾಲೀಕರನ್ನು ಕೇಳಿ ತೆಗೆದುಕೊಂಡು, ಟಿವಿ, ಕಂಬಳಿಗಳ ಜೊತೆ ಹಡಗಿನ ಕಾರ್ಗೋಗೆ ಹಾಕಿದ್ದೆ. ಅಮೆರಿಕದ ಮಾದರಿ, 3,500 ಪೌಂಡಿನ ಆಕ್ಸಲ್. ಅಂದರೆ ಸುಮಾರು 1,590 ಕೆಜಿ ಹೊರುತ್ತದೆ. 10 ಇಂಚಿನ ಡ್ರಮ್, ಒಳಗೆ ಎಲೆಕ್ಟ್ರಿಕ್ ಬ್ರೇಕ್. ಎರಡು ವರ್ಷ ದನದ ಕೊಟ್ಟಿಗೆ ಅಟ್ಟದ ಮೇಲೆ ಮಲಗಿತ್ತು. ಅವ್ವ ಅದರ ಮೇಲೆ ಈರುಳ್ಳಿ ಒಣಗಿಸುತ್ತಿದ್ದರು.

ದಸರಾ ಮುಗಿದ ಮಾರನೆಯ ದಿನ ಅದನ್ನು ಕೆಳಗಿಳಿಸಿದೆ.

ಬಿಚ್ಚಿದ್ದು

ಚಕ್ರ ಕೂರುವ ಹಬ್ಬಿನ ತುದಿಯ ಧೂಳಿನ ಮುಚ್ಚಳ ತೆಗೆದರೆ ಒಳಗಿನ ಗ್ರೀಸ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿದೆ ಅಂತ ಆಗಲೇ ಗೊತ್ತಾಯಿತು. ಕಾಟರ್ ಪಿನ್ ನೇರ ಮಾಡಿ ಎಳೆದು, ನಟ್ಟು, ವಾಷರ್ ತೆಗೆದು, ಡ್ರಮ್ ಹಿಡಿದು ಅಲ್ಲಾಡಿಸಿದರೆ ಹೊರಗಿನ ಬೇರಿಂಗ್ ತಾನೇ ಕೈಗೆ ಬಂತು. ಒಳಗಿನದು ಸೀಲಿನ ಹಿಂದೆ ಇರುತ್ತದೆ. ಸೀಲು ಕಿತ್ತರೆ ಹಾಳಾಗುತ್ತದೆ, ಅದನ್ನು ಉಳಿಸುವ ಆಸೆ ಬೇಡ. ಬೇರಿಂಗ್ ಬಿಚ್ಚಿದಾಗಲೆಲ್ಲ ಹೊಸ ಸೀಲು.

ಡೀಸೆಲ್‌ನಲ್ಲಿ ತೊಳೆದು, ವೇಸ್ಟ್ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು ನೋಡಿದೆ. ಕಂಪ್ರೆಸರ್ ಗಾಳಿ ಬಿಟ್ಟು ಗಿರ್ರನೆ ತಿರುಗಿಸುವ ಹುಡುಗರನ್ನು ಗ್ಯಾರೇಜುಗಳಲ್ಲಿ ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಎಣ್ಣೆ ಇಲ್ಲದೆ ಆ ವೇಗಕ್ಕೆ ರೋಲರ್ ಕೆರೆದು ಹೋಗುತ್ತದೆ, ಕೇಜು ಒಡೆದರೆ ರೋಲರ್ ಮುಖಕ್ಕೇ ಹಾರುತ್ತದೆ.

ನನ್ನ ಬೇರಿಂಗ್‌ಗಳ ಕಪ್ಪಿನೊಳಗೆ (ಕಪ್ಪು ಅಂದರೆ ರೋಲರ್ ಉರುಳುವ ಹೊರಬಳೆ) ಸರಿಸಮ ಅಂತರದಲ್ಲಿ ಕಂದು ಗೆರೆಗಳಿದ್ದವು, ಬಾಚಣಿಗೆ ಅಚ್ಚೊತ್ತಿದ ಹಾಗೆ. ಇದು ನೀರು ಹೊಕ್ಕು ನಿಂತಲ್ಲೇ ನಿಂತ ಬೇರಿಂಗಿನ ಗುರುತು. ಒಂದೊಂದು ರೋಲರ್ ಕೂತ ಜಾಗದಲ್ಲಿ ಒಂದೊಂದು ತುಕ್ಕಿನ ಗೆರೆ. ದೋಣಿ ಟ್ರೇಲರ್‌ಗಳಲ್ಲಿ ಇದು ಮಾಮೂಲು. ರಸ್ತೆಯಲ್ಲಿ ಓಡಿ ಹಬ್ಬು ಬಿಸಿಯಾಗಿರುತ್ತದೆ. ಹಾಗೇ ಹಿಂದಕ್ಕೆ ಬಿಟ್ಟು ಸಮುದ್ರದ ತಣ್ಣೀರಿಗೆ ಇಳಿಸುತ್ತಾರೆ. ಒಳಗಿನ ಬಿಸಿ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ನಮ್ಮೂರಲ್ಲೂ ಇದೇ ನಡೆಯುತ್ತದೆ ಕಣ್ರೀ. ಬಾಡಿಗೆ ಮುಗಿಸಿ ಬಂದವರು ಟ್ರೇಲರನ್ನು ಸೀದಾ ನಾಲೆಗೋ ಕೆರೆಗೋ ಇಳಿಸಿ ತೊಳೆಯುತ್ತಾರೆ. ಒಂದು ಗಂಟೆ ನೆರಳಲ್ಲಿ ನಿಲ್ಲಿಸಿ, ಹಬ್ಬು ಮುಟ್ಟಿ ತಣ್ಣಗಾಗಿದೆಯಾ ನೋಡಿ ಆಮೇಲೆ ತೊಳೆದರೆ ಬೇರಿಂಗ್ ಬಾಳುತ್ತದೆ.

ಎಡಗಡೆ ಒಳಬೇರಿಂಗ್ ನೀಲಿ ಬಣ್ಣಕ್ಕೂ ತಿರುಗಿತ್ತು. ಅದು ಸುಟ್ಟ ಗುರುತು. ನಾಲ್ಕೂ ಬದಲಿಸುವುದು ಅಂತ ತೀರ್ಮಾನ ಮಾಡಿದೆ.

ಬೇರಿಂಗ್ ನಂಬರು

ಈ ಆಕ್ಸಲ್‌ಗೆ ಹೊರಗಿನ ಬೇರಿಂಗ್ ಎಲ್44649, ಅದರ ಕಪ್ಪು ಎಲ್44610. ಒಳಗಿನದು ಎಲ್68149, ಅದರ ಕಪ್ಪು ಎಲ್68111. ಯಾವ ಕಂಪನಿ ಮಾಡಿದರೂ ನಂಬರ್ ಅದೇ. ಹಳೇ ಬೇರಿಂಗನ್ನೂ ನಂಬರ್ ಬರೆದ ಚೀಟಿಯನ್ನೂ ಹಿಡಿದು ಮೈಸೂರಿಗೆ ಹೋದೆ.

ಅಂಗಡಿಯವರು ಒಳಬೇರಿಂಗ್ ಪೆಟ್ಟಿಗೆ ಇಟ್ಟರು. ಮೇಲೆ ಎಲ್68149/10 ಅಂತಿತ್ತು.

"ಅಣ್ಣ, ನನಗೆ ಬೇಕಿರೋದು 11," ಅಂದೆ.

"ಎಲ್ಲಾ ಒಂದೇ ಸರ್, ಬೇರಿಂಗ್ ಅದೇ ಅಲ್ವಾ?"

ಬೇರಿಂಗ್ ಅದೇ, ಕಪ್ಪು ಬೇರೆ. ಎಲ್68110 ಕಪ್ಪಿನ ಹೊರ ಅಳತೆ 59.13 ಎಂಎಂ. ಎಲ್68111ದು 59.97. ವ್ಯತ್ಯಾಸ ಒಂದು ಎಂಎಂ ಕೂಡ ಇಲ್ಲ, ಕಣ್ಣಿಗೆ ಕಾಣುವುದಿಲ್ಲ. ಆದರೆ ಸುತ್ತಿಗೆ ಹೊಡೆದು ಬಿಗಿಯಾಗಿ ಕೂರಬೇಕಾದ ಕಪ್ಪು, 10 ತಂದರೆ ಹಬ್ಬಿನೊಳಗೆ ಬೆರಳಲ್ಲೇ ತಿರುಗುತ್ತದೆ. ಓಡುವಾಗ ಕಪ್ಪೂ ತಿರುಗಿ ಹಬ್ಬನ್ನೇ ಕೊರೆಯುತ್ತದೆ. ಜೇಬಿನಿಂದ ವರ್ನಿಯರ್ ತೆಗೆದು ಅಲ್ಲೇ ಅಳೆದು ತೋರಿಸಿದೆ. ಅವರೂ ಒಪ್ಪಿದರು. ಎರಡು ದಿನ ಬಿಟ್ಟು 11 ತರಿಸಿಕೊಟ್ಟರು.

ಗ್ರೀಸ್ ಸೀಲು ಬೇರೆ ಅಂಗಡಿಯಲ್ಲಿ ತೆಗೆದುಕೊಂಡೆ. ಅಸಲಿ ಅಳತೆ ಇಂಚಿನದು: ಒಳಗೆ 1.719, ಹೊರಗೆ 2.565. ಎಂಎಂ ಲೆಕ್ಕದಲ್ಲಿ ಒಳಗೆ 43.7, ಹೊರಗೆ 65.1. ನನಗೆ 44-65-10 (ಒಳಗೆ, ಹೊರಗೆ, ದಪ್ಪ) ಬೇಕು ಅಂತ ಹೇಳಿದೆ. ಹುಡುಗ ಎರಡು ಸೀಲನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಆ ದಿನ ಬೇರಿಂಗನ್ನು ಅಳೆದೆ, ಸೀಲನ್ನು ಅಳೆಯಲಿಲ್ಲ. ಅದರ ಕಥೆ ಮುಂದೆ ಬರುತ್ತದೆ.

ಕೂರಿಸಿದ್ದು

ಹಳೇ ಕಪ್ಪನ್ನು ಹಿತ್ತಾಳೆ ಉಳಿಯಿಂದ ಸುತ್ತಲೂ ಸಮವಾಗಿ ತಟ್ಟಿ ಹೊರಗೆ ಹಾಕಿದೆ. ಒಂದೇ ಕಡೆ ಹೊಡೆದರೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಹೊಸ ಕಪ್ಪನ್ನು ರಾತ್ರಿಯೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿ ಇಟ್ಟಿದ್ದೆ. ತಣ್ಣಗಾದರೆ ಕೂದಲೆಳೆಯಷ್ಟು ಕುಗ್ಗುತ್ತದೆ, ಸಲೀಸಾಗಿ ಇಳಿಯುತ್ತದೆ. ಹಳೇ ಕಪ್ಪನ್ನು ಅದರ ಮೇಲೆ ಬೋರಲು ಇಟ್ಟು ತಟ್ಟಿದೆ. ಕಪ್ಪು ಇಳಿಯುವವರೆಗೆ ಸದ್ದು ಮಂದವಾಗಿ ಡಬ್ ಡಬ್ ಅನ್ನುತ್ತದೆ. ತಳ ಮುಟ್ಟಿದ ಕೂಡಲೇ ಟಣ್ ಅನ್ನುತ್ತದೆ. ಆ ಸದ್ದು ಬಂದ ಮೇಲೆ ಇನ್ನು ಹೊಡೆಯಬಾರದು.

ಗ್ರೀಸ್ ತುಂಬುವುದನ್ನು ನಾನು ಯಾವತ್ತೂ ಅವಸರದಲ್ಲಿ ಮಾಡುವುದಿಲ್ಲ. ಅಂಗೈಯಲ್ಲಿ ಒಂದು ನಿಂಬೆಹಣ್ಣಿನಷ್ಟು ಗ್ರೀಸ್. ಇನ್ನೊಂದು ಕೈಯಲ್ಲಿ ಬೇರಿಂಗ್. ದಪ್ಪ ಬಾಯಿ ಕೆಳಗೆ ಮಾಡಿ ಗ್ರೀಸಿನ ಅಂಚಿಗೆ ಒತ್ತಿ ಒತ್ತಿ ಎಳೆಯಬೇಕು. ರೋಲರ್‌ಗಳ ನಡುವೆ ನುಗ್ಗಿ ಮೇಲಿನ ಸಣ್ಣ ಬಾಯಿಂದ ಶಾವಿಗೆ ಥರ ಹೊರಗೆ ಬರುವವರೆಗೆ. ಸುತ್ತಲೂ ಹಾಗೇ. ಹೊರಮೈಗೆ ಸವರಿದರೆ ಒಳಗೆ ಗಾಳಿ ಉಳಿಯುತ್ತದೆ. ಒಂದು ಬೇರಿಂಗಿಗೆ ಐದು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಬ್ರೇಕ್ ಇರುವ ಹಬ್ಬು ಬಿಸಿಯಾಗುವುದರಿಂದ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್, ಎನ್‌ಎಲ್‌ಜಿಐ 2 ನಂಬರಿನ ಗಟ್ಟಿತನದ್ದು ಹಾಕಿದೆ. ಹಳೇ ಗ್ರೀಸ್ ಮೇಲೆ ಬೇರೆ ಜಾತಿಯ ಹೊಸ ಗ್ರೀಸ್ ಹಾಕಬೇಡಿ. ಕೆಲವು ಒಂದಕ್ಕೊಂದು ಹೊಂದದೆ ನೀರಾಗಿ ಸೋರುತ್ತವೆ.

ನಟ್ಟು ಬಿಗಿಯುವುದರಲ್ಲಿ ಇಡೀ ಕೆಲಸದ ಜೀವ ಇದೆ. ನಮ್ಮ ಕಡೆ ಚಕ್ರ ಅಲ್ಲಾಡಬಾರದು ಅಂತ ಪಾನಾಗೆ ಪೈಪು ಹಾಕಿ ಬಿಗಿಯುವುದೇ ಜಾಸ್ತಿ. ಚಿಕ್ಕಪ್ಪನೂ ನನ್ನ ಕೈ ನೋಡಿ, "ಇನ್ನೊಂದ್ ಸುತ್ತು ಟೈಟ್ ಮಾಡ್ಲಾ, ಲೂಜೈತೆ" ಅಂದರು. ಆದರೆ ಮೊನಚು ರೋಲರಿನ ಬೇರಿಂಗನ್ನು ಹಾಗೆ ಬಿಗಿದರೆ ರೋಲರ್‌ಗೆ ಉಸಿರಾಡಲು ಜಾಗ ಇರುವುದಿಲ್ಲ. ಬಿಸಿಯಾಗಿ ಹಿಗ್ಗುತ್ತದೆ, ಹಿಗ್ಗಿ ಇನ್ನೂ ಬಿಗಿಯಾಗುತ್ತದೆ, ಗ್ರೀಸ್ ಕರಗುತ್ತದೆ, ನೀಲಿಯಾಗುತ್ತದೆ. ಸರಿಯಾದ ಕ್ರಮ ಹೀಗೆ. ಡ್ರಮ್ಮನ್ನು ಕೈಯಲ್ಲಿ ತಿರುಗಿಸುತ್ತಲೇ ಟಾರ್ಕ್ ಪಾನಾದಲ್ಲಿ ಸುಮಾರು 68 ನ್ಯೂಟನ್ ಮೀಟರ್‌ವರೆಗೆ ಬಿಗಿಯಬೇಕು. ಇದು ಎಲ್ಲವೂ ತಳಕ್ಕೆ ಕೂರಲಿ ಅಂತ. ಆಮೇಲೆ ಡ್ರಮ್ ತಿರುಗಿಸದೆ ನಟ್ಟನ್ನು ಪೂರ್ತಿ ಸಡಿಲ ಮಾಡಬೇಕು. ಮತ್ತೆ ಬರೀ ಬೆರಳಲ್ಲಿ ತಿರುಗಿಸಿ ಮುಟ್ಟಿಸಬೇಕು. ಅಷ್ಟೇ. ಕಾಟರ್ ಪಿನ್ನಿನ ತೂತು ಎದುರಿಗೆ ಬರದಿದ್ದರೆ ಸಡಿಲದ ಕಡೆಗೆ ಒಂದು ಹಲ್ಲು ತಿರುಗಿಸಬೇಕು, ಬಿಗಿ ಕಡೆಗಲ್ಲ. ಚಕ್ರ ಹಿಡಿದು ಅಲ್ಲಾಡಿಸಿದರೆ ಒಂದು ಚೂರು ಆಟ ಇರುತ್ತದೆ. ಅದು ಇರಲೇಬೇಕು.

ಆಕ್ಸಲ್ ಬೆಸುಗೆ

ಹಳೇ ಟ್ರೇಲರ್‌ಗೆ ಎತ್ತಿನ ಗಾಡಿಯ ಎಡಿವಿ ಟೈರು, ಬ್ರೇಕ್ ಇಲ್ಲದ ಸಾದಾ ಆಕ್ಸಲ್ ಇತ್ತು. ಅದನ್ನು ತೆಗೆದು ಸ್ಪ್ರಿಂಗ್ ಪ್ಲೇಟ್ ಮೇಲೆ ಹೊಸದನ್ನು ಕೂರಿಸಬೇಕು. ಸ್ಪ್ರಿಂಗ್ ಕೂರುವ ಪೀಠ ಮಾತ್ರ ಬೆಸುಗೆ, ಉಳಿದದ್ದು ಯು-ಬೋಲ್ಟ್. ವೆಲ್ಡಿಂಗ್ ಅಣ್ಣನಿಗೆ ಎರಡು ಮಾತು ಮೊದಲೇ ಹೇಳಿದೆ. ಒಂದು, ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ, ಆಕ್ಸಲ್ ಪೈಪಿಗೇ ಹಾಕಬೇಕು. ಚಕ್ರಕ್ಕೋ ಡ್ರಮ್ಮಿಗೋ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹಾದು, ರೋಲರ್ ಮೇಲೆ ಚುಕ್ಕಿ ಚುಕ್ಕಿ ಸುಡುತ್ತದೆ. ಇನ್ನೊಂದು, ಪೀಠ ಬಿಟ್ಟು ಪೈಪಿನ ನಡುವೆ ಎಲ್ಲೂ ಬೆಸುಗೆ ಬೇಡ.

ಬೆಸೆಯುವ ಮೊದಲು ದಾರ ಹಿಡಿದೆವು. ಮುಂದಿನ ಹುಕ್ಕಿನ ತೂತಿನ ನಡುಮಧ್ಯದಿಂದ ಎಡ ಸ್ಪಿಂಡಲ್ (ಬೇರಿಂಗ್ ಕೂರುವ ಆಕ್ಸಲ್ ಕೊನೆ) ತುದಿಗೆ ಒಂದು ಅಳತೆ, ಬಲ ತುದಿಗೆ ಒಂದು. ಮೊದಲ ಸಲ 9 ಎಂಎಂ ವ್ಯತ್ಯಾಸ ಬಂತು. 3 ಎಂಎಂ ಒಳಗೆ ಬರುವವರೆಗೆ ಸರಿಸಿ ಸರಿಸಿ ಕೂರಿಸಿದೆವು. ಇದು ತಪ್ಪಿದರೆ ಟ್ರೇಲರ್ ಏಡಿ ಥರ ಓರೆ ಓಡುತ್ತದೆ, ಟೈರು ಒಂದೇ ಕಡೆ ಸವೆಯುತ್ತದೆ. ಚಕ್ರದ ನಟ್ಟುಗಳನ್ನು ಬಿಗಿದು, ಮೊದಲ ದಿನದ ಓಟದ ಮೇಲೆ ಮತ್ತೊಮ್ಮೆ ಬಿಗಿದೆ. ಹೊಸದಾಗಿ ಕೂತ ರಿಮ್ಮು ಒಂದಿಷ್ಟು ಸಡಿಲ ಆಗೇ ಆಗುತ್ತದೆ.

ಬ್ರೇಕ್ ಹೇಗೆ ಹಿಡಿಯುತ್ತದೆ

ಕರೆಂಟ್ ಬ್ರೇಕ್ ಅಂದರೆ ಕರೆಂಟೇ ಚಕ್ರ ನಿಲ್ಲಿಸುತ್ತದೆ ಅಂತ ಅಪ್ಪ ಅಂದುಕೊಂಡಿದ್ದರು. ಹಾಗಲ್ಲ. ಡ್ರಮ್ಮಿನೊಳಗೆ ಶೂ, ಲೈನರ್ ಎಲ್ಲಾ ಮಾಮೂಲಿ ಬ್ರೇಕಿನ ಹಾಗೇ ಇರುತ್ತದೆ. ಕೆಳಗೆ ಒಂದು ಸನ್ನೆ, ಅದರ ತುದಿಗೆ ಚಪ್ಪಟೆ ಅಯಸ್ಕಾಂತದ ಸುರುಳಿ. ಕರೆಂಟ್ ಕೊಟ್ಟಾಗ ಅದು ತಿರುಗುವ ಡ್ರಮ್ಮಿನ ಒಳಮುಖಕ್ಕೆ ಅಂಟಿಕೊಳ್ಳುತ್ತದೆ. ಡ್ರಮ್ಮು ತಿರುಗುತ್ತಿರುವುದರಿಂದ ಅದನ್ನು ತನ್ನ ಜೊತೆ ಎಳೆಯುತ್ತದೆ. ಸನ್ನೆ ತಿರುಗಿ ಶೂಗಳನ್ನು ಹೊರಕ್ಕೆ ತಳ್ಳುತ್ತದೆ. ಅಂದರೆ ಚಕ್ರದ ಓಟವೇ ಚಕ್ರವನ್ನು ಹಿಡಿಯುವ ಬಲ ಕೊಡುತ್ತದೆ. ಅದಕ್ಕೇ ಇಷ್ಟು ಸಣ್ಣ ಕರೆಂಟ್ ಸಾಕಾಗುವುದು. ಶೂ, ಅಯಸ್ಕಾಂತ ಕೂತ ಎಡಗಡೆ ಪ್ಲೇಟು ಬಲಗಡೆಗೆ ಹಾಕುವಂತಿಲ್ಲ. ಗಿಡ್ಡ ಲೈನರ್ ಇರುವ ಶೂ ಎರಡೂ ಕಡೆ ಟ್ರೇಲರಿನ ಮುಂದಕ್ಕೇ ಬರಬೇಕು.

ಅಯಸ್ಕಾಂತಕ್ಕೆ ಎರಡು ವೈರು, ಎರಡೂ ಒಂದೇ ಬಣ್ಣ. ಪ್ಲಸ್ಸು ಮೈನಸ್ಸು ಅಂತ ಇಲ್ಲ, ಯಾವುದನ್ನಾದರೂ ಅರ್ತ್ ಮಾಡಬಹುದು. ಮಲ್ಟಿಮೀಟರಿನಲ್ಲಿ ಅಳೆದೆ. ಎಡಕ್ಕೆ 3.2 ಓಮ್, ಬಲಕ್ಕೆ 3.3. ಈ ಅಳತೆಯ ಬ್ರೇಕಿಗೆ ಬರಬೇಕಾದದ್ದೇ ಅಷ್ಟು. ಆಮೇಲೆ ವೈರಿಗೂ ಅಯಸ್ಕಾಂತದ ಕವಚಕ್ಕೂ ನಡುವೆ ಅಳೆದೆ. ಅಲ್ಲಿ ಮೀಟರ್ ಏನೂ ತೋರಿಸಬಾರದು. ತೋರಿಸಿದರೆ ಸುರುಳಿ ಒಳಗೆ ಶಾರ್ಟ್ ಆಗಿದೆ ಅಂತ. ಮುಖ ಸಮವಾಗಿ ಸವೆದಿತ್ತು, ತಾಮ್ರ ಕಾಣುತ್ತಿರಲಿಲ್ಲ. ಎರಡನ್ನೂ ಉಳಿಸಿಕೊಂಡೆ.

ವೈರಿಂಗ್

12 ವೋಲ್ಟಿಗೆ 3.2 ಓಮ್ ಅಂದರೆ ಒಂದು ಚಕ್ರಕ್ಕೆ 3.75 ಆಂಪಿಯರ್. ಎರಡಕ್ಕೆ ಏಳೂವರೆ. ಟ್ರ್ಯಾಕ್ಟರಿನ ಬ್ಯಾಟರಿಯಿಂದ ಹಬ್ಬಿಗೆ 7 ಮೀಟರ್, ವಾಪಸ್ 7 ಮೀಟರ್, ಒಟ್ಟು 14 ಮೀಟರ್ ತಾಮ್ರ. ಮನೆಯಲ್ಲಿ ಒಂದು ಚದರ ಎಂಎಂ ವೈರಿನ ಸುರುಳಿ ಬಿದ್ದಿತ್ತು. ಅದನ್ನೇ ಹಾಕು ಅಂತ ಎಲ್ಲರ ಸಲಹೆ. ಹಾಕಿದರೆ ದಾರಿಯಲ್ಲೇ ಒಂದೂವರೆ ವೋಲ್ಟ್ ಹೋಗುತ್ತದೆ. 4 ಚದರ ಎಂಎಂ ಹಾಕಿದರೆ ಅರ್ಧ ವೋಲ್ಟಿಗಿಂತ ಕಡಿಮೆ. ಬ್ರೇಕಿಗೂ ಅರ್ತ್‌ಗೂ 4 ಚದರ ಎಂಎಂ, ದೀಪಗಳಿಗೆ ಆ ಹಳೇ ಸುರುಳಿ.

ಪ್ಲಗ್ಗು ಏಳು ಪಿನ್ನಿನದು. ಯುರೋಪಿನ ಪದ್ಧತಿಯಲ್ಲಿ ಹಳದಿ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಬಿಳಿ ಅರ್ತ್, ಕೆಂಪು ಸ್ಟಾಪ್ ಲೈಟು, ಕಪ್ಪು ಎಡ ಹಿಂದೀಪ, ಕಂದು ಬಲ ಹಿಂದೀಪ. ಉಳಿಯುವ ನೀಲಿ ಅವರಲ್ಲಿ ಮಂಜಿನ ದೀಪಕ್ಕೆ. ನಮಗೆ ಅದು ಬೇಡ. ಅಮೆರಿಕದ ಪದ್ಧತಿಯಲ್ಲಿ ನೀಲಿ ಬ್ರೇಕಿಗೇ ಮೀಸಲು. ಹಾಗಾಗಿ ನೀಲಿಯನ್ನೇ ಬ್ರೇಕಿಗೆ ಕೊಟ್ಟೆ. ಬಣ್ಣದ ಪಟ್ಟಿಯನ್ನು ಟೂಲ್ ಬಾಕ್ಸ್ ಮುಚ್ಚಳದ ಒಳಗೆ ಪೇಂಟಿನಲ್ಲಿ ಬರೆದಿದ್ದೇನೆ. ಐದು ವರ್ಷ ಬಿಟ್ಟು ಬಿಚ್ಚುವವನು ನಾನೇ ಆಗಿರಬೇಕು ಅಂತೇನಿಲ್ಲ.

ಟ್ರೇಲರ್ ಬ್ರೇಕಿಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನೋಡಿಕೊಳ್ಳುವ ಕಂಟ್ರೋಲರ್ ಟ್ರ್ಯಾಕ್ಟರಿನ ಸ್ಟೇರಿಂಗ್ ಪಕ್ಕದಲ್ಲಿ. ಅದಕ್ಕೆ ನಾಲ್ಕೇ ವೈರು: ಬ್ಯಾಟರಿಯಿಂದ ಕಪ್ಪು, ಅರ್ತ್‌ಗೆ ಬಿಳಿ, ಸ್ಟಾಪ್ ಲೈಟ್ ಸ್ವಿಚ್ಚಿನಿಂದ ಕೆಂಪು, ಟ್ರೇಲರ್‌ಗೆ ಹೋಗುವ ನೀಲಿ. ಕಪ್ಪು ವೈರಿಗೆ ಬ್ಯಾಟರಿ ಹತ್ತಿರವೇ 20 ಆಂಪಿಯರಿನ, ತಾನೇ ಮರಳುವ ಬ್ರೇಕರ್ ಹಾಕಿದೆ. ವೇಗ ತಗ್ಗಿದ್ದನ್ನು ತಾನೇ ಅಳೆದು ಕರೆಂಟ್ ಕೊಡುವ ಕಂಟ್ರೋಲರ್‌ಗಳೂ ಇವೆ. ಕಾರಿಗೆ ಅವು ಚೆನ್ನ. ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಎತ್ತಿ ಹಾಕುವ ಹೊಡೆತಕ್ಕೆ ಅವು ಗಲಿಬಿಲಿ ಆಗುತ್ತವೆ. ನಾನು ಹಾಕಿದ್ದು ಸಾದಾ, ಪೆಡಲ್ ಒತ್ತಿದಾಗ ನಿಗದಿ ಮಾಡಿದಷ್ಟು ಕರೆಂಟನ್ನು ಮೆಲ್ಲಗೆ ಏರಿಸುವಂಥದ್ದು. ಜೊತೆಗೆ ಕೈಯಲ್ಲಿ ಸರಿಸುವ ಒಂದು ಗುಬಟು ಇದೆ. ಇಳಿಜಾರಿನಲ್ಲಿ ಟ್ರ್ಯಾಕ್ಟರಿನ ಬ್ರೇಕ್ ಮುಟ್ಟದೆ ಟ್ರೇಲರನ್ನು ಮಾತ್ರ ಹಿಡಿಯಬಹುದು. ನಮ್ಮ ನಾಲೆ ಏರಿಗೆ ಬೇಕಾದದ್ದು ಅದೇ.

ಟ್ರ್ಯಾಕ್ಟರ್ ಇರುವವರಿಗೆ ಇಲ್ಲೇ ಒಂದು ಮಾತು. ಬ್ರೇಕ್ ಪೆಡಲ್ ಎರಡಿರುತ್ತವೆ, ಹೊಲದಲ್ಲಿ ತಿರುಗಿಸಲು ಬಿಡಿಬಿಡಿ. ರಸ್ತೆಗೆ ಬಂದ ಮೇಲೆ ಎರಡನ್ನೂ ಸೇರಿಸುವ ಕೊಂಡಿ ಹಾಕಿ. ಅಪ್ಪ ಅವತ್ತು ಹಾಕಿದ್ದರು. ಹಾಕದಿದ್ದರೆ ಒಂದೇ ಚಕ್ರ ಹಿಡಿದು ಇನ್ನೂ ಕೆಟ್ಟದಾಗುತ್ತಿತ್ತು.

ಮೊದಲ ಪರೀಕ್ಷೆಯಲ್ಲಿ ಕ್ಲಾಂಪ್ ಮೀಟರ್ ಹಾಕಿ ಗುಬಟು ಪೂರ್ತಿ ಸರಿಸಿದೆ. 7 ಬರಬೇಕಾದಲ್ಲಿ 4.9 ಆಂಪಿಯರ್ ತೋರಿಸಿತು. ಬ್ರೇಕ್ ಹಿಡಿಯುತ್ತಿತ್ತು, ಆದರೆ ಸೊಗಸಿಲ್ಲ. ಇಂಥ ಕಡೆ ಊಹೆ ಮಾಡುತ್ತಾ ಕೂರಬಾರದು. ಮೀಟರಿನ ಒಂದು ಮುಳ್ಳನ್ನು ಬ್ಯಾಟರಿ ಮೈನಸ್ಸಿಗೆ ಇಟ್ಟು, ಇನ್ನೊಂದನ್ನು ಟ್ರೇಲರ್ ಚೆಸಿಗೆ ಇಟ್ಟು, ಬ್ರೇಕ್ ಹಾಕಿಯೇ ವೋಲ್ಟ್ ನೋಡಿದೆ. 3.9 ವೋಲ್ಟ್! ಅಲ್ಲಿ ಸೊನ್ನೆ ಹತ್ತಿರ ಇರಬೇಕು. ಎರಡೂ ಅಯಸ್ಕಾಂತದ ಅರ್ತ್ ವೈರನ್ನು ಚೆಸಿಗೆ ಬೋಲ್ಟ್ ಮಾಡಿದ್ದೆ, ಬಿಳಿ ವೈರನ್ನೂ ಚೆಸಿಗೇ ಕೊಟ್ಟಿದ್ದೆ. ಬಿಳಿ ವೈರಿನ ಲಗ್ಗಿನ ಕೆಳಗೆ ಪೇಂಟ್ ಉಳಿದುಬಿಟ್ಟಿತ್ತು. ಕರೆಂಟು ಹುಕ್ಕಿನ ಪಿನ್ನಿನ ಮೂಲಕ, ಗ್ರೀಸು ತುಕ್ಕಿನ ನಡುವೆ ದಾರಿ ಹುಡುಕಿಕೊಂಡು ವಾಪಸ್ ಬರುತ್ತಿತ್ತು. ಇಂಡಿಕೇಟರ್ ಹಾಕಿದರೆ ಹಿಂದೀಪ ಮಿಣುಕುವ ಟ್ರೇಲರ್‌ಗಳನ್ನು ರಸ್ತೆಯಲ್ಲಿ ನೋಡಿರುತ್ತೀರಿ. ಅವುಗಳ ಕಾಯಿಲೆಯೂ ಇದೇ.

ಪೇಂಟ್ ಕೆರೆದು ಬಿಳಿ ಲೋಹ ಕಾಣಿಸಿದೆ. ಅಷ್ಟಕ್ಕೇ ಬಿಡದೆ ಎರಡು ಅಯಸ್ಕಾಂತದ ಅರ್ತ್ ವೈರುಗಳನ್ನೂ ಸೀದಾ ಬಿಳಿ ವೈರಿಗೇ ಸೇರಿಸಿ, ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಕೊಳವೆ ಹೊದಿಸಿದೆ. ಮತ್ತೆ ಅಳೆದರೆ 7.1 ಆಂಪಿಯರ್.

ಇನ್ನೊಂದು ಸಲಕರಣೆಯನ್ನು ಎಲ್ಲರೂ ಬೇಡ ಅಂದರು, ನಾನು ಬಿಡಲಿಲ್ಲ. ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಾಕುವ ಸ್ವಿಚ್ಚು. ಟ್ರೇಲರಿನ ಮುಂಭಾಗದಲ್ಲಿ ಯುಪಿಎಸ್‌ಗೆ ಹಾಕುವಂಥ 12 ವೋಲ್ಟ್ 7 ಎಎಚ್ ಬ್ಯಾಟರಿ. ಸ್ವಿಚ್ಚಿನ ಪಿನ್ನಿಗೆ ಸಣ್ಣ ಉಕ್ಕಿನ ಹಗ್ಗ, ಅದರ ತುದಿ ಟ್ರ್ಯಾಕ್ಟರಿಗೆ. ಹುಕ್ಕು ಕಳಚಿದರೆ ಪಿನ್ನು ಕಿತ್ತು ಬಂದು ಬ್ರೇಕ್ ಪೂರ್ತಿ ಬೀಳುತ್ತದೆ. ಅಮೆರಿಕದ ನಿಯಮದಲ್ಲಿ ಅದು ಕನಿಷ್ಠ 15 ನಿಮಿಷ ಹಿಡಿದಿರಬೇಕು ಅಂತಿದೆ. 7 ಆಂಪಿಯರಿಗೆ ಈ ಬ್ಯಾಟರಿ ಅದಕ್ಕಿಂತ ಜಾಸ್ತಿ ಬರುತ್ತದೆ. ಪರೀಕ್ಷೆ ಮಾಡುವಾಗ ಏಳು ಪಿನ್ನಿನ ಪ್ಲಗ್ಗು ಬಿಚ್ಚಿರಬೇಕು, ಇಲ್ಲದಿದ್ದರೆ ಕರೆಂಟ್ ಉಲ್ಟಾ ಹರಿದು ಕಂಟ್ರೋಲರ್ ಹೋಗಬಹುದು. ಪಿನ್ನು ಕಿತ್ತು ಟ್ರ್ಯಾಕ್ಟರಲ್ಲಿ ಎಳೆದೆ. ಎರಡೂ ಚಕ್ರ ತಿರುಗದೆ ಮಣ್ಣಲ್ಲಿ ಗೀರು ಎಳೆದವು. ಅಪ್ಪ ಬಗ್ಗಿ ಗೀರನ್ನು ನೋಡಿ, "ಪರ್ವಾಗಿಲ್ಲ ಕಣ್ಲಾ" ಅಂದರು.

ಸೀಲಿನ ಕಥೆ

ನಕ್ಷತ್ರ ಹಲ್ಲಿನ ಅಡ್ಜಸ್ಟರನ್ನು ಡ್ರಮ್ ತಿರುಗದಷ್ಟು ಬಿಗಿದು, ಆಮೇಲೆ ಲೈನರ್ ಸ್ವಲ್ಪವೇ ಉಜ್ಜುವ ಸದ್ದು ಬರುವಷ್ಟು ಸಡಿಲ ಮಾಡಿದೆ. ಖಾಲಿ ಟ್ರೇಲರ್ ಕಟ್ಟಿಕೊಂಡು ಮೂವತ್ತು ಸಲ ಮೆಲ್ಲಗೆ ಹಿಡಿದು ಬಿಟ್ಟೆ, ಲೈನರ್ ಡ್ರಮ್ಮಿಗೆ ಹೊಂದಲಿ ಅಂತ. ಬೆಲ್ಲ ಹೇರಿ ಮಂಡ್ಯಕ್ಕೆ ಎರಡು ಸಲ ಹೋಗಿ ಬಂದೆವು. ಚೆನ್ನಾಗಿತ್ತು.

ಹತ್ತನೆಯ ದಿನ ಬ್ರೇಕ್ ಹಾಕಿದರೆ ಟ್ರೇಲರ್ ಎಡಕ್ಕೆ ಎಳೆಯಿತು. ಎಡ ಹಿಡಿಯುತ್ತಿದೆ, ಬಲ ಹಿಡಿಯುತ್ತಿಲ್ಲ. ಬಲಗಡೆ ಕರೆಂಟ್ ಸರಿಯಾಗಿತ್ತು. ಡ್ರಮ್ ಬಿಚ್ಚಿದರೆ ಲೈನರ್ ಮೇಲೆಲ್ಲ ಗ್ರೀಸು. ಸೀಲನ್ನು ಹೊರತೆಗೆದು ಅದರ ಮೇಲಿನ ಅಕ್ಷರ ಒರೆಸಿ ಓದಿದೆ. 45-65-10. ಕೇಳಿದ್ದು 44, ಕೊಟ್ಟದ್ದು 45. ಸ್ಪಿಂಡಲ್ 43.7. ಒಂದು ಎಂಎಂಗೂ ಮೀರಿದ ಸಂದಿಯಲ್ಲಿ, ಬಿಸಿಯಾಗಿ ಮೆತ್ತಗಾದ ಗ್ರೀಸು ಆರಾಮಾಗಿ ಹೊರಗೆ ಬಂದಿತ್ತು. ಎಡಗಡೆಯದೂ 45. ಅಲ್ಲಿ ಇನ್ನೂ ಸೋರಲು ಶುರುವಾಗಿತ್ತಷ್ಟೇ.

ನನಗೆ ನಿಜವಾಗಿ ಬೇಜಾರಾಯಿತು. ಆ ಹತ್ತು ದಿನ ಅಪ್ಪ ಆ ಬ್ರೇಕನ್ನು ನಂಬಿ ನಾಲೆ ಏರಿ ಇಳಿದಿದ್ದರು. ಕೊಟ್ಟವರ ತಪ್ಪು ಅರ್ಧ, ಅಳೆಯದೆ ಹಾಕಿದ ನನ್ನದು ಅರ್ಧ.

ಗ್ರೀಸ್ ಕುಡಿದ ಲೈನರನ್ನು ಪೆಟ್ರೋಲಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ಮೇಲ್ಮೈ ಒಣಗಿದ ಹಾಗೆ ಕಾಣುತ್ತದೆ, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಬೆವರುತ್ತದೆ. ಶೂಗಳನ್ನು ಮಂಡ್ಯಕ್ಕೆ ಒಯ್ದು ಹೊಸ ಲೈನರ್ ಹಾಕಿಸಿದೆ. ಕೆಟ್ಟದ್ದು ಬಲಗಡೆಯದು ಮಾತ್ರ, ಆದರೂ ಎರಡೂ ಕಡೆ ಒಂದೇ ತುಂಡಿನಿಂದ ಹಾಕಿಸಿದೆ, ಹಿಡಿತ ಸಮ ಇರಬೇಕಲ್ವಾ. ಅಯಸ್ಕಾಂತದ ಮುಖ, ಡ್ರಮ್ಮಿನ ಒಳಮೈ ಬ್ರೇಕ್ ಕ್ಲೀನರಿನಲ್ಲಿ ಒರೆಸಿದೆ. ಸೀಲು ಈ ಸಲ ಕೌಂಟರಿನ ಮೇಲೇ ವರ್ನಿಯರ್ ಹಿಡಿದು ಆರಿಸಿಕೊಂಡೆ. ಅಂಚಿಗೆ ಬೆರಳಲ್ಲಿ ತೆಳ್ಳಗೆ ಗ್ರೀಸ್ ಸವರಿ, ಮರದ ತುಂಡಿಟ್ಟು ತಟ್ಟಿ ಕೂರಿಸಿದೆ. ಬೇರಿಂಗ್ ಮತ್ತೆ ತೊಳೆದು, ಮತ್ತೆ ತುಂಬಿ, 68ಕ್ಕೆ ಬಿಗಿದು, ಬಿಟ್ಟು, ಬೆರಳಲ್ಲಿ ಮುಟ್ಟಿಸಿದೆ.

ಈಗ

ಮೂರು ತಿಂಗಳಾಯಿತು. ಸುಮಾರು 320 ಕಿಲೋಮೀಟರ್ ಓಡಿದ ಮೇಲೆ ಅಡ್ಜಸ್ಟರನ್ನು ಒಮ್ಮೆ ಮತ್ತೆ ಬಿಗಿದೆ, ಹೊಸ ಲೈನರ್‌ಗೆ ಅದು ಬೇಕು. ಖಾಲಿ ಇದ್ದಾಗ ಕಂಟ್ರೋಲರಿನ ತಿರುಪನ್ನು 3ಕ್ಕೆ ಇಡುತ್ತೇವೆ, ಹೇರಿದಾಗ 6ಕ್ಕೆ. ಖಾಲಿ ಟ್ರೇಲರ್‌ಗೆ 6 ಕೊಟ್ಟರೆ ಚಕ್ರ ಕಚ್ಚಿ ಟೈರು ಉಜ್ಜುತ್ತದೆ. ಈ ಎರಡು ಅಂಕಿಗಳು ನಮ್ಮ ಟ್ರೇಲರಿನವು. ನಿಮ್ಮದಕ್ಕೆ ನಿಧಾನವಾಗಿ ಓಡಿಸಿ, ಗುಬಟು ಸರಿಸಿ, ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದ ಹಾಗೆ ಅನಿಸಬೇಕು, ಚಕ್ರ ಮಾತ್ರ ನಿಲ್ಲಬಾರದು, ಆ ಜಾಗ ನೀವೇ ಹುಡುಕಿಕೊಳ್ಳಬೇಕು. ಕಳಚುವ ಸ್ವಿಚ್ಚಿನ ಬ್ಯಾಟರಿಯನ್ನು ಪ್ರತಿ ಭಾನುವಾರ ಚಾರ್ಜಿಗೆ ಹಾಕುವುದು ತಂಗಿಯ ಕೆಲಸ. ಬೇರಿಂಗನ್ನು ವರ್ಷಕ್ಕೊಮ್ಮೆ ಬಿಚ್ಚಬೇಕು, ಮುಂದಿನ ಆಯುಧಪೂಜೆಗೆ ಮೊದಲು ಬಿಚ್ಚುತ್ತೇನೆ.

ನಿನ್ನೆ ಬೆಲ್ಲ ಇಳಿಸಲು ಯಾರ್ಡಿನಲ್ಲಿ ನಿಲ್ಲಿಸಿದಾಗ ಅಪ್ಪ ಮೊದಲು ಬಲಗಡೆ ಹಬ್ಬಿನ ಮೇಲೆ ಅಂಗೈ ಇಟ್ಟರು. ಸುತ್ತಿ ಬಂದು ಎಡಗಡೆಯದನ್ನೂ ಮುಟ್ಟಿದರು. ಎರಡೂ ಒಂದೇ ಬೆಚ್ಚಗೆ ಇದ್ದವು. ಆಮೇಲೆ ಹಗ್ಗ ಬಿಚ್ಚಲು ಹೋದರು.